ಕೆಟ್ಟ ಕಂಪ್ಯೂಟರಿನ ಕೀಲಿ ಯಾರ ಕೈಯಲ್ಲಿದೆ?

2024ರ ಜುಲೈ 19ರ ಶುಕ್ರವಾರ ನಮ್ಮ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದು ಕೊಡಲಾಯಿತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಕೌಂಟರುಗಳ ಮುಂದೆ ಸರದಿ ಸಾಲು ಬೆಳೆಯಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಸಂಸ್ಥೆ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಕಳುಹಿಸಿದ ಒಂದು ದೋಷಯುಕ್ತ ಕಡತ ಇಷ್ಟಕ್ಕೆಲ್ಲ ಕಾರಣವಾಗಿತ್ತು. ಮೈಕ್ರೋಸಾಫ್ಟ್ ನೀಡಿದ ಅಂದಾಜಿನಂತೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು.

ಆ ಘಟನೆಯನ್ನು ಒಂದೇ ಸಂಸ್ಥೆಯ ಮೇಲಿನ ಅತಿಯಾದ ಅವಲಂಬನೆಗೆ ಉದಾಹರಣೆಯಾಗಿ ಆಗ ಸಾಕಷ್ಟು ಚರ್ಚಿಸಲಾಯಿತು. ಚರ್ಚೆಗೆ ಬಾರದೆ ಉಳಿದ ಸಂಗತಿ ಇನ್ನೊಂದಿದೆ. ಕ್ರೌಡ್‌ಸ್ಟ್ರೈಕ್ ತನ್ನ ತಪ್ಪನ್ನು ಗುರುತಿಸಿ ಸರಿಪಡಿಸಲು ತೆಗೆದುಕೊಂಡದ್ದು 78 ನಿಮಿಷ ಮಾತ್ರ. ಆದರೂ ಯಂತ್ರಗಳು ಮತ್ತೆ ಚಾಲನೆಗೆ ಬರಲು ದಿನಗಳೇ ಹಿಡಿದವು. ಕಂಪ್ಯೂಟರ್ ಆರಂಭವಾಗುವ ಹಂತದಲ್ಲಿಯೇ ಕುಸಿಯುತ್ತಿದ್ದುದರಿಂದ ತಿದ್ದುಪಡಿಯನ್ನು ಅಂತರ್ಜಾಲದ ಮೂಲಕ ಅದಕ್ಕೆ ತಲುಪಿಸುವುದು ಬಹುಪಾಲು ಅಸಾಧ್ಯವಾಗಿತ್ತು. ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕುಳಿತು, ಬೇರೆ ದಾರಿಯಿಂದ ಒಳಹೊಕ್ಕು, ಆ ಒಂದು ಕಡತವನ್ನು ಅಳಿಸಬೇಕಾಯಿತು. ಡಿಸ್ಕ್ ಗೂಢಲಿಪಿಯಲ್ಲಿದ್ದ ಯಂತ್ರಗಳು 48 ಅಂಕಿಗಳ ಕೀಲಿಯನ್ನು ಕೇಳಿದವು. ಕೆಲವು ಸಂಸ್ಥೆಗಳಲ್ಲಿ ಆ ಕೀಲಿಗಳನ್ನು ಇಟ್ಟಿದ್ದ ಸರ್ವರುಗಳೇ ಮಲಗಿದ್ದವು. ಕೊನೆಗೆ ಮೈಕ್ರೋಸಾಫ್ಟ್ ಯುಎಸ್‌ಬಿ ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸುವ ದುರಸ್ತಿ ಸಾಧನವೊಂದನ್ನು ಬಿಡುಗಡೆ ಮಾಡಿತು.

ಮನೆಯೊಳಗಿನ ಅಗುಳಿ ತಾನಾಗಿ ಬಿದ್ದು ಮನೆಯವರೆಲ್ಲ ಅಂಗಳದಲ್ಲಿ ನಿಂತಂತಹ ಸ್ಥಿತಿ ಅದು. ಒಳಗಿನ ಸಾಮಾನೆಲ್ಲ ಸುರಕ್ಷಿತವಾಗಿಯೇ ಇದೆ, ಹೋಗುವ ದಾರಿ ಮಾತ್ರ ಇಲ್ಲ. ಕಂಪ್ಯೂಟರ್ ‘ಕೆಟ್ಟಿತು’ ಎಂದು ನಾವು ಹೇಳುವ ಸಂದರ್ಭಗಳಲ್ಲಿ ದೊಡ್ಡ ಪಾಲು ಇಂತಹದೇ. ಕೆಟ್ಟಿರುವುದು ಕಾರ್ಯಾಚರಣೆ ವ್ಯವಸ್ಥೆಯ ಯಾವುದೋ ಒಂದು ಮೂಲೆ. ಮಕ್ಕಳ ಫೋಟೊಗಳು, ಲೆಕ್ಕಪತ್ರಗಳು, ಅರ್ಧ ಬರೆದ ಪ್ರಬಂಧ ಎಲ್ಲವೂ ಡಿಸ್ಕಿನಲ್ಲಿ ಇದ್ದಲ್ಲಿಯೇ ಇರುತ್ತವೆ. ಹೊರಗಿನಿಂದ ತೆರೆಯುವ ಬಾಗಿಲೊಂದು ಬೇಕು, ಅಷ್ಟೆ.

ಅಂತಹ ಬಾಗಿಲನ್ನು ಹವ್ಯಾಸಿಗಳೂ ಮುಕ್ತ ತಂತ್ರಾಂಶದ ಕಾರ್ಯಕರ್ತರೂ ಕಾಲು ಶತಮಾನಕ್ಕೂ ಹಿಂದೆಯೇ ಮಾಡಿಟ್ಟಿದ್ದಾರೆ. ಹಾರ್ಡ್‌ಡಿಸ್ಕಿನ ಹಂಗಿಲ್ಲದೆ, ಫ್ಲಾಪಿಯಿಂದಲೋ ಸಿ.ಡಿ.ಯಿಂದಲೋ ಪೆನ್‌ಡ್ರೈವಿನಿಂದಲೋ ಆರಂಭವಾಗಿ, ಯಂತ್ರದ ಸ್ಮೃತಿಯಲ್ಲಿ ಮಾತ್ರ ನೆಲೆಸಿ, ಕೆಲಸ ಮುಗಿದ ಮೇಲೆ ಕುರುಹಿಲ್ಲದೆ ಹೊರಟುಹೋಗುವ ಹಗುರವಾದ ಲಿನಕ್ಸ್ ವ್ಯವಸ್ಥೆಗಳಿವು. 1990ರ ದಶಕದಲ್ಲಿ ‘ಟಾಮ್ಸ್‌ರೂಟ್‌ಬೂಟ್’ ಎಂಬ ವ್ಯವಸ್ಥೆ ಒಂದೇ ಒಂದು ಫ್ಲಾಪಿಯಲ್ಲಿ ಅಡಗಿತ್ತು. ಮಾಮೂಲಾಗಿ 1.44 ಎಂ.ಬಿ. ಹಿಡಿಸುವ ಫ್ಲಾಪಿಯನ್ನು 1.722 ಎಂ.ಬಿ. ಹಿಡಿಸುವಂತೆ ಹೊಂದಿಸಿ, ಅದರಲ್ಲಿ ದುರಸ್ತಿಗೆ ಬೇಕಾದ ಸಾಧನಗಳನ್ನೆಲ್ಲ ತುಂಬಲಾಗಿತ್ತು. 2000ದಲ್ಲಿ ಜರ್ಮನಿಯ ಕ್ಲಾಸ್ ಕ್ನಾಪರ್ ಹೊರತಂದ ‘ನಾಪಿಕ್ಸ್’ ಈ ಕಲ್ಪನೆಯನ್ನು ಸಾಮಾನ್ಯರ ಮೇಜಿನ ಮೇಲಕ್ಕೆ ತಂದಿತು. ಸುಮಾರು ಎರಡು ಜಿ.ಬಿ.ಯಷ್ಟು ತಂತ್ರಾಂಶವನ್ನು ಸಂಕುಚಿಸಿ 700 ಎಂ.ಬಿ.ಯ ಸಿ.ಡಿ.ಯಲ್ಲಿ ಇಡಲಾಗಿತ್ತು. ಸಿ.ಡಿ. ಹಾಕಿ ಯಂತ್ರ ಆರಂಭಿಸಿದರೆ ಪರದೆ, ಧ್ವನಿ, ಜಾಲ ಎಲ್ಲವನ್ನೂ ತಾನೇ ಗುರುತಿಸಿ ಕೆಲಸಕ್ಕೆ ಸಿದ್ಧವಾಗುತ್ತಿತ್ತು. ಆಸ್ಟ್ರೇಲಿಯದ ಬ್ಯಾರಿ ಕೌಲರ್ ಅವರ ‘ಪಪ್ಪಿ’, 50 ಎಂ.ಬಿ.ಯ ಗಡಿ ದಾಟದೆ ಬೆಳೆದ ‘ಡ್ಯಾಮ್ ಸ್ಮಾಲ್ ಲಿನಕ್ಸ್’, ಫ್ರಾನ್ಸಿನಲ್ಲಿ ರೂಪುಗೊಂಡ ‘ಸಿಸ್ಟಮ್ ರೆಸ್ಕ್ಯೂ’, ತೈವಾನಿನ ಸರ್ಕಾರಿ ಸಂಶೋಧನಾ ಕೇಂದ್ರದ ‘ಕ್ಲೋನ್‌ಜಿಲ್ಲಾ’ ಮುಂತಾದವು ಅನಂತರ ಬಂದವು. 2003ರಲ್ಲಿ ಆರಂಭವಾದ ‘ಲಿನಕ್ಸ್ ಫಾರ್ ಯು’ ಪತ್ರಿಕೆಯ ಜೊತೆ ಬರುತ್ತಿದ್ದ ಸಿ.ಡಿ.ಗಳು, 2011ರವರೆಗೆ ಅಂಚೆಯಲ್ಲಿ ಉಚಿತವಾಗಿ ಬರುತ್ತಿದ್ದ ಉಬುಂಟು ಸಿ.ಡಿ.ಗಳು ನಮ್ಮಲ್ಲಿಯೂ ಅನೇಕರ ಮೇಜಿನ ಖಾನೆಗಳಲ್ಲಿ ಇನ್ನೂ ಇರಬಹುದು.

ಇವು ಮಾಡುವ ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಪೆನ್‌ಡ್ರೈವಿನಿಂದ ಆರಂಭವಾದ ಲಿನಕ್ಸ್‌ಗೆ ಒಳಗಿನ ವಿಂಡೋಸ್ ಡಿಸ್ಕ್ ಕೇವಲ ಒಂದು ಪೆಟ್ಟಿಗೆ. ವೈರಸ್ ಇದ್ದರೂ ಅದು ಚಾಲನೆಗೊಳ್ಳುವುದಿಲ್ಲ, ಏಕೆಂದರೆ ವಿಂಡೋಸೇ ಎಚ್ಚರವಾಗಿಲ್ಲ. ಪೆಟ್ಟಿಗೆಯನ್ನು ‘ಓದಲು ಮಾತ್ರ’ ಎಂಬ ಷರತ್ತಿನಲ್ಲಿ ತೆರೆದು ಬೇಕಾದುದನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡರೆ ಅರ್ಧ ಗೆದ್ದಂತೆ. ಡಿಸ್ಕೇ ಸಾಯುವ ಸ್ಥಿತಿಯಲ್ಲಿದ್ದರೆ ಕ್ರಮ ಬೇರೆ. ಮಾಮೂಲಿ ನಕಲು ಆದೇಶ ಕೆಟ್ಟ ಜಾಗ ಸಿಕ್ಕೊಡನೆ ಅಲ್ಲಿಯೇ ತಡಕಾಡುತ್ತದೆ. ಅಷ್ಟರಲ್ಲಿ ಉಳಿದ ಭಾಗವೂ ಹೋಗುತ್ತದೆ. ‘ಡಿಡಿ ರೆಸ್ಕ್ಯೂ’ ಎಂಬ ಸಾಧನ ಮೊದಲು ಸುಲಭವಾಗಿ ಓದಲು ಸಿಗುವ ಭಾಗಗಳನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಒಂದು ನಕ್ಷೆಯಲ್ಲಿ ಗುರುತು ಹಾಕಿಕೊಂಡು, ಕೊನೆಯಲ್ಲಿ ಅವುಗಳಿಗೆ ಮರಳುತ್ತದೆ. ನಡುವೆ ವಿದ್ಯುತ್ ಹೋದರೂ ನಕ್ಷೆ ಇರುವುದರಿಂದ ಕೆಲಸ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನೆರೆ ಬಂದ ಮನೆಯಿಂದ ಮೊದಲು ಕೈಗೆ ಸಿಗುವುದನ್ನು ಸಾಗಿಸಿ, ಆಮೇಲೆ ಅಟ್ಟದ ಪಾತ್ರೆಗಳಿಗೆ ಹೋಗುವ ಗೃಹಿಣಿಯ ವಿವೇಕ ಇದು.

ಅಳಿಸಿಹೋದ ಕಡತಗಳ ವಿಷಯವೂ ಹೀಗೆಯೇ. ಹಳೆಯ ಬಗೆಯ ಹಾರ್ಡ್‌ಡಿಸ್ಕಿನಲ್ಲಿ ‘ಅಳಿಸುವುದು’ ಎಂದರೆ ಸೂಚಿಯಿಂದ ಹೆಸರು ಹೊಡೆದುಹಾಕುವುದಷ್ಟೆ. ಮೇಲೆ ಬೇರೇನನ್ನೂ ಬರೆಯದಿದ್ದರೆ ಪುಟಗಳು ಉಳಿದಿರುತ್ತವೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ ‘ಫೋಟೊರೆಕ್’ ಸೂಚಿಯನ್ನು ನಂಬದೆ ಇಡೀ ಡಿಸ್ಕನ್ನು ಜಾಲಾಡಿ, ಚಿತ್ರವೊಂದು ಎಲ್ಲಿ ಆರಂಭವಾಗುತ್ತದೆಂಬ ಗುರುತನ್ನು ಹಿಡಿದು ಅದನ್ನು ಹೊರತೆಗೆಯುತ್ತದೆ. ಹೆಸರುಗಳು ಹೋಗಿರುತ್ತವೆ, ಚಿತ್ರಗಳು ಸಿಗುತ್ತವೆ. ಇಂದಿನ ಎಸ್‌ಎಸ್‌ಡಿಗಳಲ್ಲಿ ಈ ಭರವಸೆ ಬಹುಮಟ್ಟಿಗೆ ಇಲ್ಲ. ಅಳಿಸಿದ ಜಾಗವನ್ನು ಅವು ತಾವಾಗಿಯೇ ಸ್ವಚ್ಛಗೊಳಿಸಿಕೊಳ್ಳುತ್ತವೆ. ಒತ್ತೆಹಣಕ್ಕಾಗಿ ಕಡತಗಳನ್ನು ಬೀಗ ಹಾಕುವ ರಾನ್ಸಮ್‌ವೇರ್ ದಾಳಿಗೂ ಇಲ್ಲಿ ಮದ್ದಿಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಆದಂತಹ ಹಾನಿಯನ್ನು ಪೆನ್‌ಡ್ರೈವ್ ತಿದ್ದಲಾರದು. ಬೇರೆಡೆ ಇಟ್ಟ ಪ್ರತಿಯೊಂದೇ ಅದಕ್ಕೆ ಪರಿಹಾರ.

ಅತಿ ಚಿಕ್ಕದೇ ಅತಿ ಶ್ರೇಷ್ಠವೆಂಬ ಹವ್ಯಾಸಿಗಳ ಹೆಮ್ಮೆಯನ್ನೂ ಪೂರ್ತಿ ಒಪ್ಪಬೇಕಾಗಿಲ್ಲ. ಕೆಲವೇ ಎಂ.ಬಿ.ಗಳ ‘ಟೈನಿ ಕೋರ್’ ಬೆರಗು ಹುಟ್ಟಿಸುತ್ತದೆ ನಿಜ. ಆದರೆ ರಾತ್ರಿ ಹನ್ನೊಂದಕ್ಕೆ ಕೆಟ್ಟುನಿಂತ ಯಂತ್ರದ ಮುಂದೆ ಕುಳಿತವರಿಗೆ ಸಾಧನಗಳೆಲ್ಲ ಮೊದಲೇ ಇರುವ ಒಂದು ಜಿ.ಬಿ.ಯ ಆಸುಪಾಸಿನ ‘ಸಿಸ್ಟಮ್ ರೆಸ್ಕ್ಯೂ’ ಹೆಚ್ಚು ಉಪಕಾರಿ. 2024ರಲ್ಲಿ ಮತ್ತೆ ಕಾಣಿಸಿಕೊಂಡ ‘ಡ್ಯಾಮ್ ಸ್ಮಾಲ್ ಲಿನಕ್ಸ್’ ತಾನೇ 50 ಎಂ.ಬಿ.ಯ ವ್ರತವನ್ನು ಬಿಟ್ಟು ಒಂದು ಸಿ.ಡಿ.ಯ ಅಳತೆಗೆ ಬೆಳೆದಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್‌ನ 13ನೇ ಆವೃತ್ತಿ ಹಳೆಯ 32 ಬಿಟ್ ಯಂತ್ರಗಳಿಗೆ ಅನುಸ್ಥಾಪನಾ ಪ್ರತಿಯನ್ನು ನೀಡುವುದನ್ನು ನಿಲ್ಲಿಸಿತು. ಇಪ್ಪತ್ತು ವರ್ಷ ಹಳೆಯ ಯಂತ್ರಗಳ ಮಟ್ಟಿಗೆ ಮಾತ್ರ ಈ ಚಿಕ್ಕ ವ್ಯವಸ್ಥೆಗಳ ಬೆಲೆ ಇದರಿಂದ ಹೆಚ್ಚಿತೆನ್ನಬಹುದು.

ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ನಮ್ಮ ಕಚೇರಿಗಳ, ಮುದ್ರಣಾಲಯಗಳ, ಬರಹಗಾರರ ಹಳೆಯ ಕಡತಗಳಲ್ಲಿ ಬಹಳಷ್ಟು ಯುನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಅಕ್ಷರಶೈಲಿಗಳಲ್ಲಿವೆ. ಲಿನಕ್ಸಿನಲ್ಲಿ ತೆರೆದಾಗ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ಕಾಣುತ್ತವೆ. ಕಡತವೇ ಹಾಳಾಯಿತೆಂದು ಭಾವಿಸಿ ಬಿಟ್ಟುಬಿಡುವವರಿದ್ದಾರೆ. ಹಾಳಾಗಿರುವುದು ಏನೂ ಇಲ್ಲ. ಅಕ್ಷರಶೈಲಿ ಅಲ್ಲಿಲ್ಲ, ಅಷ್ಟೆ. ನಕಲು ಮಾಡಿಕೊಂಡು ಆಮೇಲೆ ಯುನಿಕೋಡ್‌ಗೆ ಪರಿವರ್ತಿಸಬಹುದು. ಅತಿ ಚಿಕ್ಕ ವ್ಯವಸ್ಥೆಗಳಲ್ಲಿ ಯುನಿಕೋಡ್ ಕನ್ನಡದ ಅಕ್ಷರಶೈಲಿಯೂ ಇಲ್ಲದಿರುವುದರಿಂದ ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಚೌಕಗಳ ಸಾಲಾಗಿ ತೋರುತ್ತವೆ. ಅದೂ ನೋಟದ ತೊಂದರೆಯೇ ಹೊರತು ಒಳಗಿನ ಬರಹಕ್ಕೆ ಏನೂ ಆಗಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಅಹಿತಕರ ಸತ್ಯವನ್ನೂ ಹೇಳಲೇಬೇಕು. ಮಾಲೀಕನಿಗೆ ತೆರೆಯುವ ಈ ಬಾಗಿಲು ಕಳ್ಳನಿಗೂ ತೆರೆಯುತ್ತದೆ. ವಿಂಡೋಸಿನ ಪ್ರವೇಶಪದ ವಿಂಡೋಸ್ ಎಚ್ಚರವಾಗಿದ್ದಾಗ ಮಾತ್ರ ಕಾವಲುಗಾರ. ರೈಲಿನಲ್ಲಿ ಮರೆತ, ದುರಸ್ತಿ ಅಂಗಡಿಯಲ್ಲಿ ವಾರಗಟ್ಟಲೆ ಬಿಟ್ಟ ಲ್ಯಾಪ್‌ಟಾಪಿನ ಡಿಸ್ಕ್ ಗೂಢಲಿಪಿಯಲ್ಲಿ ಇರದಿದ್ದರೆ, ಯಾವ ಪ್ರವೇಶಪದವನ್ನೂ ಕೇಳದೆ ಪೆನ್‌ಡ್ರೈವಿನ ಲಿನಕ್ಸ್ ಅದರ ಮನೆಯನ್ನೆಲ್ಲ ತೋರಿಸಿಬಿಡುತ್ತದೆ. ಆದ್ದರಿಂದ ಡಿಸ್ಕನ್ನು ಗೂಢಲಿಪಿಗೊಳಿಸುವುದು ಸರಿಯಾದ ನಡೆ. ಅದನ್ನು ವಿರೋಧಿಸುವ ಮುಕ್ತ ತಂತ್ರಾಂಶಪ್ರಿಯರು ತಮ್ಮ ಅನುಕೂಲವನ್ನಷ್ಟೇ ನೋಡುತ್ತಿದ್ದಾರೆ.

ಪ್ರಶ್ನೆಯಿರುವುದು ಕೀಲಿ ಎಲ್ಲಿರುತ್ತದೆ ಎಂಬುದರಲ್ಲಿ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಅನುಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯೊಂದಿಗೆ ಒಳಹೊಕ್ಕ ಬಹುಪಾಲು ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗುತ್ತದೆ. 48 ಅಂಕಿಗಳ ಮರುಪ್ರಾಪ್ತಿ ಕೀಲಿ ಆ ಖಾತೆಯಲ್ಲಿ ಸೇರಿಕೊಳ್ಳುತ್ತದೆ. ಮಾಲೀಕನನ್ನು ಕೇಳುವ ಕ್ರಮವೂ ಇಲ್ಲ, ಒತ್ತಿ ಹೇಳುವ ಕ್ರಮವೂ ಇಲ್ಲ. ನಮ್ಮಲ್ಲಿ ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯ ಹುಡುಗನೇ ಯಾವುದೋ ಇಮೇಲ್ ಸೃಷ್ಟಿಸಿ ‘ಎಲ್ಲ ರೆಡಿ ಸಾರ್’ ಎಂದು ಕೊಡುವುದು ಅಪರೂಪವಲ್ಲ. ಎರಡು ವರ್ಷದ ನಂತರ ಯಂತ್ರ ಆ ಕೀಲಿಯನ್ನು ಕೇಳಿದಾಗ ಖಾತೆಯ ಹೆಸರೂ ನೆನಪಿರುವುದಿಲ್ಲ, ಹುಡುಗನೂ ಅಂಗಡಿಯಲ್ಲಿರುವುದಿಲ್ಲ. ಆಗ ಡಿಸ್ಕ್ ಮಾಲೀಕನ ಪಾಲಿಗೂ ಕಳ್ಳನ ಪಾಲಿಗೂ ಒಂದೇ. ಇದಕ್ಕೆ ವ್ಯತಿರಿಕ್ತವಾಗಿ, ಕೀಲಿ ಮಾಲೀಕನ ಕೈಯಲ್ಲಿದ್ದರೆ ಅದೇ ಬಿಟ್‌ಲಾಕರ್ ಡಿಸ್ಕನ್ನು ಲಿನಕ್ಸ್ ಕೂಡ ತೆರೆಯಬಲ್ಲದು. ಭದ್ರತೆಗೂ ರಕ್ಷಣಾಕಾರ್ಯಕ್ಕೂ ತಾಂತ್ರಿಕವಾಗಿ ವೈರವಿಲ್ಲ.

ಇನ್ನೊಂದು ಬೀಗ ಇದಕ್ಕೂ ಮೊದಲಿನದು. ವಿಂಡೋಸ್ 8 ಬಂದ 2012ರಿಂದ ವ್ಯಾಪಕವಾದ ‘ಸೆಕ್ಯೂರ್ ಬೂಟ್’ ವ್ಯವಸ್ಥೆಯಲ್ಲಿ, ಯಂತ್ರ ಆರಂಭವಾಗುವಾಗ ಮಾನ್ಯ ಸಹಿಯುಳ್ಳ ತಂತ್ರಾಂಶಕ್ಕೆ ಮಾತ್ರ ಪ್ರವೇಶ. ಆರಂಭದ ಹಂತದಲ್ಲಿಯೇ ನುಸುಳುವ ದುಷ್ಟ ತಂತ್ರಾಂಶವನ್ನು ತಡೆಯುವುದು ಇದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಸಾಮಾನ್ಯ ಪಿ.ಸಿ.ಗಳಲ್ಲಿ ಲಿನಕ್ಸ್‌ಗೂ ಸಹಿ ಹಾಕಿಕೊಡುವ ಅಧಿಕಾರ ಮೈಕ್ರೋಸಾಫ್ಟಿನ ಕೈಯಲ್ಲಿದೆ. ದೊಡ್ಡ ಲಿನಕ್ಸ್ ಯೋಜನೆಗಳು ಆ ಸಹಿಯನ್ನು ಪಡೆದಿವೆ. ಪುಟ್ಟ ದುರಸ್ತಿ ವ್ಯವಸ್ಥೆಗಳಲ್ಲಿ ಹಲವಕ್ಕೆ ಅದಿಲ್ಲ. ಸಹಿ ಇದ್ದವರೂ ನಿಶ್ಚಿಂತರಲ್ಲ ಎಂಬುದು 2024ರ ಆಗಸ್ಟ್ 13ರಂದು ತಿಳಿಯಿತು. ಅಂದು ಬಂದ ವಿಂಡೋಸ್ ಭದ್ರತಾ ತಿದ್ದುಪಡಿಯೊಂದು ದೋಷವುಳ್ಳ ಹಳೆಯ ಲಿನಕ್ಸ್ ಆರಂಭಕಗಳನ್ನು ತಿರಸ್ಕರಿಸುವಂತೆ ಯಂತ್ರಗಳಿಗೆ ಹೇಳಿತು. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಯಂತ್ರಗಳಿಗೆ ಅದು ತಟ್ಟುವುದಿಲ್ಲವೆಂದು ಮೈಕ್ರೋಸಾಫ್ಟ್ ಹೇಳಿತ್ತು, ತಟ್ಟಿತು. ಡ್ರಾಯರಿನಲ್ಲಿ ಜೋಪಾನವಾಗಿದ್ದ ಹಳೆಯ ದುರಸ್ತಿ ಪೆನ್‌ಡ್ರೈವುಗಳೂ ಅಂತಹ ಯಂತ್ರಗಳಲ್ಲಿ ಆರಂಭವಾಗದೆ ಹೋದವು. ವಿಂಡೋಸ್ ಕಡೆಯಿಂದ ಪೂರ್ಣ ಪರಿಹಾರ ಬಂದದ್ದು 2025ರ ಮೇ ತಿಂಗಳಲ್ಲಿ.

ಇದೇ ಸರಣಿಯ ಇನ್ನೊಂದು ದಿನಾಂಕ 2026ರ ಜೂನ್. ಈ ಸಹಿಗಳ ಬೆನ್ನಿಗಿರುವ, 2011ರಲ್ಲಿ ರೂಪಿಸಿದ ಮೈಕ್ರೋಸಾಫ್ಟ್ ಪ್ರಮಾಣಪತ್ರಗಳ ಅವಧಿ ಮುಗಿಯತೊಡಗುವುದು ಆ ತಿಂಗಳಿನಿಂದ. ಅವಧಿ ಮುಗಿದ ಮಾತ್ರಕ್ಕೆ ಹಳೆಯ ಪೆನ್‌ಡ್ರೈವ್ ಮರುದಿನವೇ ನಿಷ್ಪ್ರಯೋಜಕವಾಗುವುದಿಲ್ಲ. ಆದರೆ 2023ರ ಹೊಸ ಪ್ರಮಾಣಪತ್ರದಡಿ ಮಾತ್ರ ಸಹಿ ಪಡೆದ ಹೊಸ ಲಿನಕ್ಸ್ ಆವೃತ್ತಿಗಳನ್ನು, ಆ ಪ್ರಮಾಣಪತ್ರ ತಲುಪದ ಹಳೆಯ ಯಂತ್ರಗಳು ಗುರುತಿಸಲಾರವು. ತಯಾರಕರು ಕೈಬಿಟ್ಟ ಹಳೆಯ ಮಾದರಿಗಳಿಗೇ ಈ ತೊಂದರೆ ಹೆಚ್ಚು. ಸೆಕ್ಯೂರ್ ಬೂಟನ್ನು ಆರಿಸಿಬಿಟ್ಟರಾಯಿತಲ್ಲ ಎನ್ನಬಹುದು. ಆರಿಸಿದೊಡನೆ, ಏನೋ ಬದಲಾಗಿದೆಯೆಂದು ಶಂಕಿಸಿ ಬಿಟ್‌ಲಾಕರ್ ಮತ್ತೆ ಅದೇ 48 ಅಂಕಿಗಳನ್ನು ಕೇಳುವ ಸಾಧ್ಯತೆ ಇದೆ. ಒಂದು ಬೀಗದ ಕೀಲಿಯನ್ನು ಇನ್ನೊಂದು ಬೀಗದೊಳಗೆ ಇಟ್ಟಂತಾಗಿದೆ.

ಆ್ಯಪಲ್ ಕಂಪ್ಯೂಟರುಗಳಲ್ಲಿ ಈ ಹಾದಿ ಇನ್ನೂ ಮುಂದೆ ಹೋಗಿದೆ. ಅದರ ಸ್ವಂತ ಚಿಪ್ಪಿನ ಯಂತ್ರಗಳಲ್ಲಿ ಸಂಗ್ರಹದ ಕೀಲಿ ಚಿಪ್ಪಿನೊಳಗೇ ಹುದುಗಿದೆ. ಹೊರಗಿನ ಲಿನಕ್ಸ್ ಪೆನ್‌ಡ್ರೈವಿಗೆ ಅಲ್ಲಿ ಕೆಲಸವೇ ಇಲ್ಲ. ಮೊಬೈಲ್ ಫೋನಿನ ವಿಷಯದಲ್ಲಿ ನಾವು ಇದನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡಿದ್ದೇವೆ.

ಈ ವಿಚಾರ ತಂತ್ರಜ್ಞರ ಹವ್ಯಾಸವಾಗಿ ಉಳಿಯದೆ ಸಾರ್ವಜನಿಕ ಪ್ರಶ್ನೆಯಾಗುವುದು ವಿಂಡೋಸ್ 10ರ ನಿವೃತ್ತಿಯಿಂದಾಗಿ. 2025ರ ಅಕ್ಟೋಬರ್ 14ರಂದು ಅದರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಮನೆಬಳಕೆದಾರರಿಗೆ ಒಂದು ವರ್ಷದ ವಿಸ್ತರಣೆ ಘೋಷಿತವಾಯಿತು. ವಿಂಡೋಸ್ 11 ಕೇಳುವ ಟಿ.ಪಿ.ಎಂ. 2.0 ಹಾಗೂ ಹೊಸ ಸಂಸ್ಕಾರಕ ಇಲ್ಲದ, ಆದರೆ ಇನ್ನೂ ಚೆನ್ನಾಗಿಯೇ ಓಡುವ ಯಂತ್ರಗಳು ನಮ್ಮ ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಧಾರಾಳವಾಗಿವೆ. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ತೀವ್ರವಾಗಿ ಏರಿದ್ದು ಹೊಸ ಯಂತ್ರಗಳ ಖರೀದಿಯನ್ನು ಇನ್ನಷ್ಟು ದುಬಾರಿಯಾಗಿಸಿತು. ಹಗುರವಾದ ಲಿನಕ್ಸ್ ಇವುಗಳ ಪಾಲಿಗೆ ಎರಡು ರೀತಿಯಲ್ಲಿ ಆಸರೆ. ಒಳಗಿನ ಕಡತಗಳನ್ನು ಸುರಕ್ಷಿತವಾಗಿ ಹೊರತರುವುದು ಒಂದಾದರೆ, ಯಂತ್ರಕ್ಕೆ ಇನ್ನೂ ಕೆಲವು ವರ್ಷಗಳ ಆಯುಸ್ಸು ಕೊಡುವುದು ಇನ್ನೊಂದು. ಇದು ಕನಸೇನಲ್ಲ. ಪಕ್ಕದ ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್ ಶಿಕ್ಷಣ ಮುಕ್ತ ತಂತ್ರಾಂಶದ ಮೇಲೆಯೇ ವರ್ಷಗಳಿಂದ ನಡೆದುಬಂದಿದೆ. ಕೇಂದ್ರ ಸರ್ಕಾರವೂ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು 2015ರಲ್ಲಿಯೇ ಪ್ರಕಟಿಸಿದೆ.

2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳು ಯಂತ್ರವನ್ನು ನವೀಕರಿಸಿ ಮಾರುವವರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿವೆ. ಆದರೆ ದೊಡ್ಡ ಕಂಪನಿಗಳು ಹರಾಜು ಹಾಕಿದ ಲ್ಯಾಪ್‌ಟಾಪ್ ರಾಶಿಯಲ್ಲಿ ಫರ್ಮ್‌ವೇರಿಗೆ ಪ್ರವೇಶಪದ ಹಾಕಿರುವ, ಹೊರಗಿನಿಂದ ಆರಂಭಿಸಲು ಬಿಡದ ಯಂತ್ರ ಸಿಕ್ಕಿದರೆ ನವೀಕರಿಸುವವನು ಮಾಡುವುದೇನು? ಪರದೆ ಒಂದು ಕಡೆ, ಕೀಲಿಮಣೆ ಒಂದು ಕಡೆ ಬಿಚ್ಚಿ ಮಾರುತ್ತಾನೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಸಾಲುಗಳಲ್ಲಿ ಓಡಾಡಿದವರಿಗೆ ಈ ಬಿಡಿಭಾಗಗಳ ರಾಶಿ ಹೊಸದಲ್ಲ. ಯಂತ್ರವನ್ನು ವಿಲೇವಾರಿ ಮಾಡುವ ಮುನ್ನ ದತ್ತಾಂಶವನ್ನು ಅಳಿಸುವುದರ ಜೊತೆಗೆ ಆ ಪ್ರವೇಶಪದವನ್ನು ತೆಗೆದುಕೊಡುವುದೂ ಕಡ್ಡಾಯವಾಗಬೇಕು. ಇದಕ್ಕೆ ಖರ್ಚಿಲ್ಲ, ಐದು ನಿಮಿಷದ ಕೆಲಸ.

ಸರ್ಕಾರಿ ಖರೀದಿಯಲ್ಲಿಯೂ ಕೆಲವನ್ನು ಕೇಳಬಹುದು. ಟೆಂಡರಿನಲ್ಲಿ ಸಂಸ್ಕಾರಕದ ವೇಗ, ಮೆಮೊರಿಯ ಗಾತ್ರಗಳನ್ನು ಅಂಕಿಸಂಖ್ಯೆಯಲ್ಲಿ ಬರೆಯುವ ನಮ್ಮ ಇಲಾಖೆಗಳು ಫರ್ಮ್‌ವೇರ್ ತಿದ್ದುಪಡಿಯನ್ನು ಎಷ್ಟು ವರ್ಷ ಒದಗಿಸುವಿರಿ, ಸೆಕ್ಯೂರ್ ಬೂಟಿನ ಕೀಲಿಗಳನ್ನು ಖರೀದಿದಾರ ಬದಲಿಸಬಹುದೇ ಎಂದು ಕೇಳುವ ರೂಢಿ ಬೆಳೆಸಿಕೊಳ್ಳಬೇಕು. ಪ್ರತಿ ಯಂತ್ರದ ಮರುಪ್ರಾಪ್ತಿ ಕೀಲಿಯನ್ನು ದಾಸ್ತಾನು ಪುಸ್ತಕದಲ್ಲಿ ಯಂತ್ರದ ಕ್ರಮಸಂಖ್ಯೆಯಂತೆಯೇ ದಾಖಲಿಸಿ, ಮೊಹರು ಹಾಕಿ, ಜವಾಬ್ದಾರಿಯುತ ಅಧಿಕಾರಿಯ ವಶದಲ್ಲಿಡುವ ಪದ್ಧತಿ ಬೇಕು; ವರ್ಗಾವಣೆಯಾದಾಗ ಕಪಾಟಿನ ಕೀಲಿಗೊಂಚಲಿನೊಡನೆ ಅದೂ ಹಸ್ತಾಂತರವಾಗಬೇಕು. ಆ ಪುಸ್ತಕದ ಪ್ರತಿ ಕಂಪ್ಯೂಟರಿನೊಳಗೆ ಮಾತ್ರ ಇದ್ದರೆ ಏನಾಗುತ್ತದೆಂದು 2024ರ ಜುಲೈನಲ್ಲಿ ಕಂಡಿದ್ದೇವೆ.

ಮನೆಯಲ್ಲಿ ಮಾಡಬಹುದಾದದ್ದು ಇನ್ನೂ ಸುಲಭ. ಮೈಕ್ರೋಸಾಫ್ಟ್ ಖಾತೆಯನ್ನು ತೆರೆದು ಮರುಪ್ರಾಪ್ತಿ ಕೀಲಿ ಅಲ್ಲಿದೆಯೇ, ಆ ಖಾತೆ ನಿಜಕ್ಕೂ ತಮ್ಮದೇ ಎಂದು ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಪೆನ್‌ಡ್ರೈವಿಗೆ ಒಂದು ಹೊಸ ಲಿನಕ್ಸ್ ಆವೃತ್ತಿಯನ್ನು ಹಾಕಿ, ಯಂತ್ರ ಆರೋಗ್ಯವಾಗಿರುವಾಗಲೇ ಅದರಿಂದ ಆರಂಭವಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸುವ ಮುನ್ನ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯವನ್ನು ಆರಿಸುವುದು ಒಳಿತು. ಅದು ಚಾಲೂ ಇದ್ದರೆ ವಿಂಡೋಸ್ ಮುಚ್ಚಿದಂತೆ ಕಂಡರೂ ಡಿಸ್ಕ್ ಅರೆನಿದ್ರೆಯಲ್ಲಿರುತ್ತದೆ, ಮತ್ತು ಲಿನಕ್ಸ್ ಅದನ್ನು ಓದಲಷ್ಟೇ ತೆರೆಯುತ್ತದೆ, ಬರೆಯಲು ಒಪ್ಪುವುದಿಲ್ಲ.